ತವರಿನಿಂದ ಬಂದ ಚಕ್ರಗಳು

ನನಗೆ ಕೋಪ ಬರುವುದು ಕಡಿಮೆ. ಬಂದರೆ ಹೋಗುವುದೂ ಕಡಿಮೆ. ಕಾರಿನ ಚಕ್ರಗಳ ವಿಷಯದಲ್ಲಿ ಬಂದದ್ದು ಇನ್ನೂ ಪೂರ್ತಿ ಹೋಗಿಲ್ಲ. ಇಂಥದ್ದು ಕಾರಿರುವ ಮನೆಗಳಲ್ಲೆಲ್ಲ ನಡೆಯುತ್ತಲೇ ಇರುತ್ತದೆ ಎಂದು ಕೇಳಿದ್ದೇನೆ. ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ಇದ್ದ ಹಾಗೇ ಬಿಡಬೇಕು ಎನ್ನುವವರು ನೆಂಟರಲ್ಲಿ ಹುಟ್ಟುವುದಿಲ್ಲ.

ನಾವು ಮೂರು ತಲೆಮಾರಿನಿಂದ ಮದರಾಸಿನವರು. ಊರಿನ ಹೆಸರು ಚೆನ್ನೈ ಎಂದಾದ ಮೇಲೂ ಮನೆಯೊಳಗೆ ಅದು ಮದರಾಸೇ. ಮೈಲಾಪೂರಿನ ಒಂದು ಹಳೆಯ ಕಟ್ಟಡದಲ್ಲಿ ಕೆಳಗಿನ ಫ್ಲ್ಯಾಟ್ ನಮ್ಮದು. ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷದ ಮಾತು ಇದು. ಆಪರೇಷನ್ ಆಯಿತು. ವಾರಕ್ಕೆ ಎರಡು ಸಲ ಪೋರೂರಿನ ಆಸ್ಪತ್ರೆಗೆ ಕರೆತಂದು ವ್ಯಾಯಾಮ ಮಾಡಿಸಬೇಕು, ತಪ್ಪದೆ ಮಾಡಿಸಿದರೆ ನಡೆಯುತ್ತಾರೆ, ಬಿಟ್ಟರೆ ಕುರ್ಚಿಯೇ ಗತಿ ಎಂದು ಡಾಕ್ಟರು ನೇರವಾಗಿ ಹೇಳಿದ್ದರು. ಹೋಗಿಬರಲು ನಮ್ಮ ಚಿಕ್ಕ ಕಾರಿತ್ತು. ಅದಕ್ಕೆ ಕಂಪನಿಯವರೇ ಹಾಕಿ ಕೊಟ್ಟ ಹದಿಮೂರು ಇಂಚಿನ ಕಬ್ಬಿಣದ ಚಕ್ರ, ಸಣಕಲಾದ ಎತ್ತರದ ಟೈರು. ನೋಡಲು ಏನೂ ಇಲ್ಲ. ಆದರೆ ರಸ್ತೆಯಲ್ಲಿ ಹಳ್ಳ ಬಂದರೆ ಆ ಸುದ್ದಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು, ಒಳಗೆ ಕೂತವರಿಗೆ ಹೇಳುತ್ತಿರಲಿಲ್ಲ.

ಉಡುಗೊರೆ

ಆಫೀಸಿನ ಕೆಲಸದ ಮೇಲೆ ಕೊಯಮತ್ತೂರಿಗೆ ಹೋಗಿ ಒಂದು ವಾರ ಬಿಟ್ಟು ಬಂದೆ. ಗೇಟಿನೊಳಗೆ ನನ್ನ ಕಾರು, ಉಪನಯನದ ವಟುವಿಗೆ ಮದುವೆ ಗಂಡಿನ ಪೇಟ ತೊಡಿಸಿದ ಹಾಗೆ ನಿಂತಿತ್ತು. ನಾಲ್ಕು ಕಡೆಯೂ ಹೊಳೆಯುವ ಅಲಾಯ್ ಚಕ್ರ, ಅದರ ಸುತ್ತ ತೆಳ್ಳಗೆ ಬಳಿದಂತೆ ರಬ್ಬರು.

ನನ್ನ ಹೆಂಡತಿಯ ತವರು ಮೈಸೂರು. ಅವಳ ತಮ್ಮ ಆಗಷ್ಟೇ ಈ ಊರಿಗೆ ಬಂದು ಪೋರೂರಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಸೇರಿದ್ದ. ಮದುವೆಯಾಗಿರಲಿಲ್ಲ, ಭಾನುವಾರದ ಊಟ ನಮ್ಮಲ್ಲಿ. ನನ್ನ ಹುಟ್ಟುಹಬ್ಬಕ್ಕೆ ಅವನ ಉಡುಗೊರೆಯಂತೆ ಇದು. "ಚೆನ್ನಾಗಿಲ್ವೇನ್ರೀ?" ಎಂದು ಹೆಂಡತಿ ಕೇಳಿದಳು. ಮದುವೆಯಾದ ಯಾವ ಗಂಡಸಿಗೂ ಗೊತ್ತು, ಅದು ಚಕ್ರದ ಬಗ್ಗೆ ಕೇಳಿದ ಪ್ರಶ್ನೆಯಲ್ಲ. ತವರಿನಿಂದ ಬಂದ ಬೆಳ್ಳಿ ಲೋಟಕ್ಕೆ ತೂತಿದ್ದರೂ ಅದರಲ್ಲೇ ಕುಡಿಯಬೇಕು.

ಭಾವಮೈದುನ ವಿವರಿಸಿದ. ಟೈರಿನ ಮೇಲೆ ಬರೆದಿರುತ್ತದಲ್ಲ, ಅದರಲ್ಲಿ ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಎತ್ತರ, ಅಗಲದ ಶೇಕಡಾವಾರಿನಲ್ಲಿ. ಮೂರನೆಯದು ಚಕ್ರದ ಅಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ ಇದ್ದರೆ ಅದು ಅಳತೆಯಲ್ಲ, ರಾಜಿ ಪಂಚಾಯ್ತಿ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ.

"ಎಲ್ಲಾ ಲೆಕ್ಕ ಹಾಕಿದೀನಿ ಭಾವ. ನಿಮ್ಮ ಹಳೇದು 155/80, ಹದಿಮೂರು. ಇದು 195/50, ಹದಿನೈದು. ಎರಡರದ್ದೂ ಎತ್ತರ ಒಂದೇ. ಸ್ಪೀಡೋಮೀಟರ್‌ಗೂ ಗೊತ್ತಾಗಲ್ಲ."

ನಾನೂ ಲೆಕ್ಕ ಹಾಕಿ ನೋಡಿದೆ. ಅವನು ಹೇಳಿದ್ದು ಸರಿ. ಟೈರೂ ಸೇರಿದಂತೆ ಒಟ್ಟು ಎತ್ತರ ಅಷ್ಟೇ. ಒಳಗಿನ ಲೋಹ ಮಾತ್ರ ಬೆಳೆದಿತ್ತು. ಅದು ಬೆಳೆದದ್ದು ಎಲ್ಲಿಂದ? ರಬ್ಬರಿನಿಂದ. ರಸ್ತೆಗೂ ಲೋಹಕ್ಕೂ ನಡುವೆ ಗಾಳಿ ತುಂಬಿಕೊಂಡು ನಿಲ್ಲುವ ಗೋಡೆಯಲ್ಲಿ ಒಂದೂವರೆ ಬೆರಳು ಹೋಗಿತ್ತು. ದಿಂಬಿನ ಹತ್ತಿ ಕಿತ್ತು, ಒಳಗೆ ಮರದ ತುಂಡಿಟ್ಟು, ದಪ್ಪ ಮೊದಲಿನಷ್ಟೇ ಇದೆ ನೋಡಿ ಎಂದ ಹಾಗೆ.

ಹಳೆಯ ಚಕ್ರಗಳೆಲ್ಲಿ ಎಂದು ಕೇಳಿದೆ. ಅಂಗಡಿಯವನಿಗೇ ಬದಲಿಗೆ ಕೊಟ್ಟುಬಿಟ್ಟನಂತೆ. "ಅದನ್ನ ಇಟ್ಕೊಂಡು ಏನ್ ಮಾಡ್ತೀರಿ ಭಾವ?"

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಹಳ ಸಂತೋಷ ಎಂದೆ. ಅಷ್ಟು ದೊಡ್ಡ ಸುಳ್ಳನ್ನು ನಾನು ಆದಾಯ ತೆರಿಗೆಯವರಿಗೂ ಹೇಳಿದ್ದಿಲ್ಲ.

ಕೋಲಂ

ನಮ್ಮ ಎದುರು ಬಾಗಿಲಿನ ಮಾಮಿ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ರಂಗೋಲಿ ಇಡುತ್ತಾರೆ. ಗೇಟು ಕಿರಿದು. ಕಾರು ಅದರ ಮೇಲೇ ಹಾದು ಹೋಗಬೇಕು. ಆದರೂ ಎಷ್ಟೋ ವರ್ಷದಿಂದ ಆ ಕೋಲಂನ ಒಂದು ಚುಕ್ಕಿಯನ್ನೂ ನಾನು ಅಳಿಸಿದವನಲ್ಲ. ಎಡಚಕ್ರ ಆ ಕಡೆ, ಬಲಚಕ್ರ ಈ ಕಡೆ, ಕೋಲಂ ನಡುವೆ. ಇದನ್ನು ನಾವು ಮಾತಾಡಿ ಗೊತ್ತು ಮಾಡಿಕೊಂಡದ್ದಲ್ಲ. ಮಾಮಿ ನನ್ನ ಕಾರನ್ನು ನೋಡಿ ಚುಕ್ಕಿ ಇಡುತ್ತಿದ್ದರು, ನಾನು ಚುಕ್ಕಿ ನೋಡಿ ಸ್ಟಿಯರಿಂಗ್ ಹಿಡಿಯುತ್ತಿದ್ದೆ. ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ದೊಡ್ಡದು ಇಡಬೇಕಾದಾಗಲೂ ಅಗಲಕ್ಕೆ ಬೆಳೆಸದೆ ಉದ್ದಕ್ಕೆ ಬೆಳೆಸುತ್ತಿದ್ದರು. ಇಷ್ಟು ಸೌಜನ್ಯದ ನೆರೆ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಹೊಸ ಟೈರು ಒಳಕ್ಕೂ ಉಬ್ಬಿತ್ತು, ಹೊರಕ್ಕೂ ಉಬ್ಬಿತ್ತು. ಮೊದಲ ದಿನವೇ ಎರಡೂ ಪಕ್ಕದ ಎಸಳುಗಳು ಟೈರಿಗೆ ಹತ್ತಿಹೋದವು. ಮಾಮಿ ನನ್ನನ್ನು ಕೇಳಲಿಲ್ಲ. ಸಾರ್‌ಗೆ ಆಫೀಸಿನಲ್ಲಿ ಏನಾದರೂ ತೊಂದರೆಯೇ, ಎಂದೂ ಹೀಗೆ ಮಾಡಿದವರಲ್ಲ ಎಂದು ನನ್ನ ಹೆಂಡತಿಯ ಹತ್ತಿರ ಕನಿಕರದಿಂದ ವಿಚಾರಿಸಿದರು. ಎರಡನೆಯ ದಿನ ಕನಿಕರ ಇರಲಿಲ್ಲ. ಮೂರನೆಯ ದಿನ ನಾನು ಇಳಿದು, ಟೈರು ತೋರಿಸಿ, ಹೀಗೆ ಹೀಗೆ, ಅಗಲ ಜಾಸ್ತಿಯಾಗಿದೆ ಎಂದೆ. ಅವರು ಬಗ್ಗಿ ನೋಡಿ, ಗೇಣು ಹಾಕಿ ಅಳೆದು ತಮಿಳಿನಲ್ಲಿ ಹೇಳಿದರು: "ಮಾರ್ಗಳಿ ಒಂದು ತಿಂಗಳಾದರೂ ಹಳೇದು ಹಾಕ್ಕೊಳ್ಳಿ ಸಾರ್."

ಟೈರಿನ ಅಳತೆಯ ಬಗ್ಗೆ ಈ ಊರಿನಲ್ಲಿ ನಾನು ಕೇಳಿದ ಮೊದಲ ವಿವೇಕದ ಮಾತು ಅದು. ಅದನ್ನೇ ಹಿಡಿದುಕೊಂಡು ಒಳಗೆ ಹೋಗಿ, ಮಾಮಿಗೆ ಬೇಜಾರಾಗಿದೆ, ಹಳೆಯ ಚಕ್ರ ಹುಡುಕಿಸಲೇ ಎಂದು ಹೆಂಡತಿಯನ್ನು ಕೇಳಿದೆ.

"ಅವ್ರ ಕೋಲಂ ಹತ್ತು ಗಂಟೆವರೆಗೆ ಇರತ್ತೆ," ಎಂದಳು. "ನನ್ನ ತಮ್ಮ ಕೊಟ್ಟಿದ್ದು ಹತ್ತು ವರ್ಷ ಇರತ್ತೆ."

ಆ ಹತ್ತು ವರ್ಷವನ್ನು ನೆನೆದು ನನಗೆ ಆಫೀಸಿನಲ್ಲಿ ಕೆಲಸ ಓಡಲಿಲ್ಲ.

ಲೋಡು

ಪೋರೂರಿಗೆ ಹೋಗುವುದು ಆರ್ಕಾಟ್ ರಸ್ತೆಯಲ್ಲಿ. ಆ ರಸ್ತೆಯನ್ನು ಆಗ ಯಾರಾದರೂ ಅಗೆಯುತ್ತಲೇ ಇರುತ್ತಿದ್ದರು. ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ಅಗೆಯುತ್ತಿದ್ದರು. ಮೊದಲೆಲ್ಲ ಅಮ್ಮ ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ, ಮೈಲಾಪೂರ್ ಬಿಟ್ಟಾಗ ಒಂದು ಸ್ತೋತ್ರ ಶುರು ಮಾಡಿದರೆ, ಪೋರೂರಿನ ಕೆರೆ ಕಾಣುವ ಹೊತ್ತಿಗೆ ಮುಗಿಸುತ್ತಿದ್ದಳು. ಹೊಸ ಚಕ್ರ ಬಂದ ಮೇಲೆ ದೇವರ ಹೆಸರುಗಳು ನಡುವೆಯೇ ಮುರಿದು ಬೀಳತೊಡಗಿದವು. ವಡಪಳನಿ ದಾಟುವುದರೊಳಗೆ ಅವಳು ಸ್ತೋತ್ರ ಬಿಟ್ಟು ಬರೀ "ರಾಮಾ" ಅನ್ನುತ್ತಿದ್ದಳು. ಅದೂ ಭಕ್ತಿಯಿಂದಲ್ಲ.

ವ್ಯಾಯಾಮ ಮಾಡಿಸುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಗದರಿದಳು. ಹೋದ ವಾರ ಇಷ್ಟು ಎತ್ತುತ್ತಿದ್ದ ಕಾಲು ಈ ವಾರ ಏಳುತ್ತಿಲ್ಲ, ನೋವು ಜಾಸ್ತಿಯಾಗಿದೆ, ಮನೆಯಲ್ಲಿ ಇವರನ್ನು ಏನು ಮಾಡುತ್ತಿದ್ದೀರಿ ಎಂದು. ಮನೆಯಲ್ಲಿ ಏನೂ ಮಾಡುತ್ತಿಲ್ಲ, ಎಲ್ಲಾ ದಾರಿಯಲ್ಲೇ ಎಂದೆ. ಹಾಗಾದರೆ ನಾನಿಲ್ಲಿ ಸರಿ ಮಾಡಿದ್ದನ್ನು ನೀವು ವಾಪಸು ಹೋಗುವಾಗ ಕೆಡಿಸುತ್ತಿದ್ದೀರಿ ಎಂದಳು.

ಇದು ಸಾಲದೆಂದು ಹಳ್ಳಕ್ಕಿಳಿದಾಗಲೆಲ್ಲ ಹಿಂದಿನ ಟೈರು ಮಡ್‌ಗಾರ್ಡಿನ ಒಳಗೆ ಉಜ್ಜಿ, ಕಾರು ತುರಿಮಣೆಯ ಸದ್ದು ಮಾಡುತ್ತಿತ್ತು. ಭಾನುವಾರ ಊಟಕ್ಕೆ ಬಂದ ಭಾವಮೈದುನನಿಗೆ ಹೇಳಿದೆ. ಅವನು ಟಾರ್ಚು ತಂದು, ಕಾರಿನ ಹಿಂದೆ ಮೊಣಕಾಲೂರಿ ಕೂತ. ಹಿಂದಿನ ಬಲಚಕ್ರದ ಅಂಚಿನಲ್ಲಿ ಒಂದು ಸಣ್ಣ ತಗ್ಗು ಬಿದ್ದಿತ್ತು. ಅದನ್ನು ಬೆರಳಲ್ಲಿ ಮೆಲ್ಲಗೆ ಸವರಿದ. ನನ್ನ ತಾಯಿಯ ಸೊಂಟವನ್ನು ಡಾಕ್ಟರೂ ಅಷ್ಟು ನಾಜೂಕಾಗಿ ಮುಟ್ಟಿರಲಿಲ್ಲ. ನೋವಾಗುತ್ತಿದೆಯೇ ಎಂದು ಅದನ್ನು ಕೇಳುವುದೊಂದು ಬಾಕಿ.

ಆಮೇಲೆ ಎದ್ದು ರೋಗನಿರ್ಣಯ ಹೇಳಿದ. "ಹಿಂದ್ಗಡೆ ಲೋಡ್ ಜಾಸ್ತಿಯಾಗಿದೆ ಭಾವ. ಲೋಡ್ ಕಮ್ಮಿ ಮಾಡಿ, ಉಜ್ಜಲ್ಲ."

ಹಿಂದಿನ ಸೀಟಿನ ಲೋಡು ಆಗ ಕಿಟಕಿಯ ಒಳಗಡೆ ಕೂತು ಮಜ್ಜಿಗೆ ಕುಡಿಯುತ್ತಿತ್ತು. ಅದಕ್ಕೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಮೆರವಣಿಗೆ

ಅಮ್ಮ ಮುಂದಿನ ಸಲ ಕಾರು ಹತ್ತಲಿಲ್ಲ. "ಇದಕ್ಕೆ ಮಾಟ್ಟುವಂಡಿ ಎಷ್ಟೋ ವಾಸಿ ಕಣ್ಣಾ, ಅದರಲ್ಲಿ ಹುಲ್ಲಾದ್ರೂ ಹಾಸಿರ್ತಾರೆ" ಎಂದಳು. ಎತ್ತಿನಗಾಡಿ ಮೈಲಾಪೂರಿನಲ್ಲಿ ಸಿಗುವಂತಿರಲಿಲ್ಲ. ಆಟೋದಲ್ಲಿ ಸೊಂಟ ಮಡಿಸಿ ಕೂರುವುದು ಆಗದು. ಕಾಲ್ ಟ್ಯಾಕ್ಸಿ ಕರೆಸಿದೆವು. ತುಕ್ಕು ಹಿಡಿದ ಹಳೆಯ ವ್ಯಾನು, ಸಣಕಲು ಟೈರು. ಅಮ್ಮ ಅದರಲ್ಲಿ ವಡಪಳನಿಯ ಹೊತ್ತಿಗೆ ನಿದ್ದೆಹೋದಳಂತೆ.

ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಅದರಲ್ಲಿರಲಿಲ್ಲ. ಟ್ಯಾಕ್ಸಿಯ ಹಿಂದುಗಡೆ ಗ್ಯಾಸ್ ಸಿಲಿಂಡರ್ ಇಟ್ಟಿದ್ದರು. ಅಮ್ಮ ಊರಿಕೊಂಡು ನಡೆಯುವ ವಾಕರು ಅಲ್ಲಿ ಹಿಡಿಸಲಿಲ್ಲ. ಸೀಟಿನಲ್ಲಿಟ್ಟರೆ ಜೊತೆಗೆ ಕೂತ ನನ್ನ ಹೆಂಡತಿಗೆ ಜಾಗವಿಲ್ಲ. ಹೀಗಾಗಿ ಅಮ್ಮ ಬಾಡಿಗೆ ಟ್ಯಾಕ್ಸಿಯಲ್ಲಿ ಮುಂದೆ, ಅದರ ಹಿಂದೆಯೇ ನಾನು ನನ್ನ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ವಾಕರು ಒಂದೇ. ಹಳ್ಳ ಬಂದಾಗಲೆಲ್ಲ ಅದು ಎಗರಿ ಛಾವಣಿಗೆ ಬಡಿಯುತ್ತಿತ್ತು.

ಟ್ಯಾಕ್ಸಿಯವರು ಕರೆದಾಗಲೆಲ್ಲ ಬರುತ್ತಿರಲಿಲ್ಲ. ಅಮ್ಮನಿಗೆ ಸೀರೆ ಉಡಿಸಿ, ಹೊರಗೆ ನಮ್ಮ ಕಾರಿನ ಪಕ್ಕದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ ಕಾಯುವುದು, ಇನ್ನೇನು ಬಂದೆ ಎಂದು ಅವನು ಅನ್ನುವುದು, ಆಸ್ಪತ್ರೆಯ ಹೊತ್ತು ಮೀರಿದ ಮೇಲೆ ಅಮ್ಮನನ್ನು ಮತ್ತೆ ಒಳಗೆ ಕರೆದೊಯ್ಯುವುದು. ವಾರಕ್ಕೆ ಎರಡು ಇದ್ದದ್ದು ಒಂದಾಯಿತು. ಒಂದು ವಾರ ಅದೂ ಇಲ್ಲ. ಇನ್ನೂ ತಪ್ಪಿಸಿದರೆ ನಾನು ಜವಾಬ್ದಾರಳಲ್ಲ ಎಂದು ವ್ಯಾಯಾಮದ ಹುಡುಗಿ ಫೋನಿನಲ್ಲಿ ಹೇಳಿದಳು. ಇದನ್ನೆಲ್ಲ ಭಾವಮೈದುನನ ಮುಂದೆ ಹೇಳಿದರೆ ಅವನಿಗೆ ನಿಜಕ್ಕೂ ಬೇಸರವಾಯಿತು.

"ಛೆ, ವಾಕರ್ ಕಾಲಿಗೆ ಒಂದೊಂದು ರಬ್ಬರ್ ಹಾಕ್ಸಿ ಭಾವ," ಎಂದ. "ಸೀಟ್ ಹರ್ದೋಗತ್ತೆ."

ಅಂಚು, ಸೆರಗು

ಹೆಂಡತಿಗೆ ಹೇಳದೆ ನಾನೇ ಆ ಚಕ್ರದ ಅಂಗಡಿಗೆ ಹೋದೆ. ಅದು ಪುರಸೈವಾಕ್ಕಂನಲ್ಲಿ, ಎರಡು ಸೀರೆ ಅಂಗಡಿಗಳ ನಡುವೆ ಇತ್ತು. ಸಹವಾಸದೋಷವೋ ಏನೋ, ಅಲ್ಲಿ ಚಕ್ರಗಳನ್ನೂ ಸೀರೆಗಳ ಹಾಗೇ ಮಾರುತ್ತಿದ್ದರು. ಒಂದು ಇಡೀ ಕುಟುಂಬ ಸಾಲಾಗಿ ಕೂತಿತ್ತು. ಕಾಫಿ ಬಂತು. ಅಂಗಡಿಯವನು ಒಂದಾದ ಮೇಲೊಂದು ಚಕ್ರ ತಂದು ಅವರ ಮುಂದೆ ಹರಡುತ್ತಿದ್ದ. ಅಜ್ಜಿ ಒಂದನ್ನು ಬೇಡವೆಂದರು, ಈ ಮಾದರಿ ನಮ್ಮ ಬೀಗರ ಮನೆಯಲ್ಲಿ ಇದೆಯಂತೆ. ಸೊಸೆ ಇನ್ನೊಂದನ್ನು ಬೀದಿಗೆ ಒಯ್ಯಿಸಿ ಬಿಸಿಲಲ್ಲಿ ಬಣ್ಣ ನೋಡಿದರು. ಯಾರೂ ಅಳತೆ ಕೇಳಲಿಲ್ಲ. ಅಂಗಡಿಯವನೂ ಹೇಳಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ, ಗಾಡಿ ಏನು ಕಲರು.

ನನ್ನ ಸರದಿ ಬಂದಾಗ, ಹದಿಮೂರು ಇಂಚಿನ ಸಾದಾ ಕಬ್ಬಿಣದ ಚಕ್ರ ನಾಲ್ಕು ಬೇಕು ಎಂದೆ. ಪಟ್ಟೆಸೀರೆಯ ಅಂಗಡಿಯಲ್ಲಿ ಒರೆಸುವ ಬಟ್ಟೆ ಕೇಳಿದವನನ್ನು ನೋಡುವಂತೆ ಎಲ್ಲರೂ ನನ್ನನ್ನು ನೋಡಿದರು. ಅಂಗಡಿಯವನು ಸಮಾಧಾನದಿಂದಲೇ, ಸಾರ್, ಜನ ಮೇಲಕ್ಕೆ ಹೋಗುತ್ತಾರೆ, ನೀವು ಯಾಕೆ ಕೆಳಕ್ಕೆ ಬರುತ್ತೀರಿ ಎಂದ. ನಾನು ಸೊಂಟದ ವಿಷಯ ಹೇಳಿದೆ. ಅದಕ್ಕೇನು ಸಾರ್, ಅಮ್ಮಾವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಎಂದ. ನನ್ನ ದನಿ ಏರಿತು. ನನ್ನ ಹಳೆಯ ಚಕ್ರಗಳು ಇಲ್ಲೇ ಇರಬೇಕು, ಅವನ್ನು ಕೊಡಿ ಸಾಕು ಎಂದೆ.

"ಅದು ಅವತ್ತೇ ಹೋಯ್ತಲ್ಲ ಸಾರ್," ಎಂದು ಕೈ ತಿರುಗಿಸಿದ. "ಬಂದ ಅರ್ಧ ಗಂಟೆಗೇ ಒಬ್ಬರು ತೊಗೊಂಡು ಹೋದ್ರು. ಅವರ ಮನೇಲೂ ಸೊಂಟ ನೋವು."

ಎಂಟು

ಅದಾದ ಮುಂದಿನ ಭಾನುವಾರ, ಊಟವಾದ ಮೇಲೆ, ಒಳಗೆ ಸೆಕೆ, ಸ್ವಲ್ಪ ಹೊರಗೆ ಕೂರಿಸಿ ಎಂದು ಅಮ್ಮ ಹೇಳಿದಳು. ಕಾರಿನ ಪಕ್ಕದಲ್ಲಿ ಕುರ್ಚಿ ಹಾಕಿದೆವು. ಭಾವಮೈದುನ ಚಕ್ರಗಳನ್ನು ಒರೆಸುತ್ತಿದ್ದ. ವಾರಕ್ಕೊಮ್ಮೆ ಅವನೇ ಒರೆಸುವುದು. ಹೆಂಡತಿ ಎಲೆ ಅಡಿಕೆ ತಂದಳು.

"ಏನಪ್ಪಾ," ಎಂದಳು ಅಮ್ಮ, "ಆ ಟೈರ್ ಮೇಲೆ ಏನೋ ಬರ್ದಿದೆಯಲ್ಲ, ಏನದು? ನನಗೆ ಕಣ್ಣು ತೆರಿಯಲ್ಲ, ಕಾಣಲ್ಲ ನೋಡು. ನೀನೇ ಓದು."

ನಮ್ಮ ಮನೆಯಲ್ಲಿ ಟೈರಿನ ಬಗ್ಗೆ ಯಾರಾದರೂ ಆಸಕ್ತಿಯಿಂದ ಕೇಳಿದ್ದು ಅದೇ ಮೊದಲು. ಅವನು ಕರವಸ್ತ್ರದಿಂದ ಅಕ್ಷರ ಒರೆಸಿ ಓದತೊಡಗಿದ. "ಒಂದು, ಒಂಬತ್ತು, ಐದು. ಅದು ಅಗಲ. ಆಮೇಲೆ ಐವತ್ತು. ಆಮೇಲೆ ಹದಿನೈದು, ಅದು ಇಂಚು. ಆಮೇಲೆ..."

"ಸಾಕಪ್ಪಾ, ಸಾಕು." ಅಮ್ಮ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಳು. "ಒಂದೂ ಒಂಬತ್ತೂ ಐದೂ ಹದಿನೈದು. ಮೇಲೆ ಐದು, ಇಪ್ಪತ್ತು. ಒಂದು, ಐದು. ಇಪ್ಪತ್ತಾರು." ಹೆಬ್ಬೆರಳು ಮತ್ತೆ ಮೊದಲ ಗೆಣ್ಣಿಗೆ ಬಂತು. "ಎರಡೂ ಆರೂ ಎಂಟು."

ಅಷ್ಟು ಹೇಳಿ ಎಲೆಗೆ ಸುಣ್ಣ ಸವರತೊಡಗಿದಳು.

ಎಂಟು ಎಂದರೇನು ಎಂದು ಈ ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಗಾಡಿಯ ನಂಬರು ಕೂಡಿಸಿ ಒಂಬತ್ತು ಬಂದರೆ ಹಬ್ಬ. ಎಂಟು ಬಂದರೆ ಶನಿ, ಆ ನಂಬರು ತಪ್ಪಿಸಿಕೊಳ್ಳಲು ಜನ ಕಂಡಕಂಡವರ ಕಾಲು ಹಿಡಿಯುತ್ತಾರೆ. ಎಂಟು ತಪ್ಪಲೆಂದು ಹೆಸರಿಗೆ ಒಂದು ಅಕ್ಷರ ಸೇರಿಸಿಕೊಂಡ ಡಾಕ್ಟರುಗಳಿದ್ದಾರೆ, ವಕೀಲರಿದ್ದಾರೆ. ನನ್ನ ಹೆಂಡತಿ ಗಣಿತದಲ್ಲಿ ಎಂ.ಎಸ್ಸಿ. ಅಡಿಕೆ ತಟ್ಟೆ ಹಿಡಿದುಕೊಂಡೇ ತುಟಿಯಲ್ಲಿ ಇನ್ನೊಮ್ಮೆ ಕೂಡಿದಳು.

"ಅಮ್ಮ, ಇದೆಲ್ಲಾ ಸುಮ್ನೆ," ಎಂದು ಭಾವಮೈದುನ ನಕ್ಕ.

"ಸುಮ್ನೇನೇ. ನಾನೇನು ಹೇಳ್ದೆ?" ಎಂದಳು ಅಮ್ಮ. "ನನ್ನ ಕಾಲು ಹೋದ್ರೆ ಹೋಗಲಿ, ವಯಸ್ಸಾಯ್ತು. ನಿನಗೆ ಹೆಣ್ಣು ನೋಡ್ತಿದಾರಲ್ಲ, ಎರಡು ಜಾತಕನೂ ಕೂಡಿ ಬಂದು ನಿಂತುಹೋಯ್ತಂತೆ. ಯಾಕಿರಬಹುದು ಅಂತ ಯೋಚನೆ ಮಾಡ್ತಿದ್ದೆ, ಅಷ್ಟೇ."

ಹೆಂಡತಿ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಕಾರಿನ ಬೀಗದ ಕೈ ತಂದು ತಮ್ಮನ ಕೈಗೆ ಹಾಕಿದಳು. ಹಳೇದು ಏನಿತ್ತು ಹೇಳು ಎಂದಳು. ಅವನು ಹೇಳಿದ. ನಿಂತಲ್ಲೇ ಕೂಡಿದಳು. ಐದು ಬಂತು. ಬುಧ, ಎಲ್ಲರಿಗೂ ಆಗಿಬರುವ ಸಂಖ್ಯೆ.

"ನಾಲ್ಕೂವರೆಗೆ ರಾಹುಕಾಲ," ಎಂದಳು. "ಅಷ್ಟರೊಳಗೆ ಹಾಕಿಸ್ಕೊಂಡು ಬಾ."

ಯಾರು ಕೊಟ್ಟದ್ದು, ತವರು ಯಾವುದು, ಹತ್ತು ವರ್ಷ ಇರುತ್ತದೋ ಇಲ್ಲವೋ, ಒಂದೂ ಮಾತಿಲ್ಲ. ರಬ್ಬರು ಎಂದು ನಾನು ಹೇಳಿದ್ದೆ, ರಸ್ತೆ ಎಂದಿದ್ದೆ, ಆಸ್ಪತ್ರೆಯ ಹುಡುಗಿ ಹೇಳಿದ್ದನ್ನು ಹೇಳಿದ್ದೆ. ತಿಂಗಳುಗಟ್ಟಲೆ ಹೇಳಿದ್ದೆ. ನಾನು ಅಂಗಡಿಗೇ ಹೋಗಿ ಕೇಳಿದರೂ ಸಿಗದ ಹದಿಮೂರು ಇಂಚಿನ ಚಕ್ರ ಅವನಿಗೆ ಆ ಮಧ್ಯಾಹ್ನವೇ ಸಿಕ್ಕಿತು. ರಾಹುಕಾಲಕ್ಕೆ ಮೊದಲೇ ಕಾರು ಗೇಟಿನೊಳಗೆ ಬಂತು, ಸಣಕಲು ಕಾಲಿನ ಮೇಲೆ, ಹಳೆಯ ರೂಪದಲ್ಲಿ. ನನಗೆ ಸಂತೋಷವಾಗಬೇಕಿತ್ತು. ಕೋಪದಿಂದ ಕಾಫಿ ಸೇರಲಿಲ್ಲ.

ಮಂಗಳವಾರ ಅಮ್ಮನನ್ನು ನಾನೇ ಪೋರೂರಿಗೆ ಕರೆದುಕೊಂಡು ಹೋದೆ. ಆರ್ಕಾಟ್ ರಸ್ತೆಯನ್ನು ಮತ್ತೆ ಅಗೆದಿದ್ದರು. ಕಾರು ಏನೂ ಹೇಳಲಿಲ್ಲ. ಹಿಂದಿನಿಂದ ಸ್ತೋತ್ರ ಸರಾಗವಾಗಿ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಈ ಕೂಡೋ ಲೆಕ್ಕದಲ್ಲಿ ನಿನಗೆ ಯಾವಾಗಿನಿಂದ ನಂಬಿಕೆ ಬಂತು ಎಂದು ಕೇಳಿದೆ.

"ನನಗೆಲ್ಲಿ ನಂಬಿಕೆ?" ಎಂದಳು. "ಟ್ಯಾಕ್ಸಿ ಬರೋವರೆಗೂ ನನ್ನ ಆ ಟೈರ್ ಎದುರಿಗೇ ಕೂರಿಸ್ತಿದ್ರಿ. ಬೇರೆ ಏನಿದೆ ನೋಡೋಕೆ? ಓದಿ ಓದಿ ಬಾಯಿಪಾಠ ಆಗೋಗಿತ್ತು. ಮೊದಲು ಗಾಡಿ ನಂಬರ್ ಕೂಡ್ದೆ, ಒಳ್ಳೇದು ಬಂದ್ಬಿಡ್ತು. ಆಮೇಲೆ ಟೈರ್ ಹಿಡ್ದೆ." ಸ್ತೋತ್ರ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಎತ್ತಿಕೊಳ್ಳುವ ಮೊದಲು ಇನ್ನೊಂದು ಮಾತು ಸೇರಿಸಿದಳು. "ಹದಿನೈದು ಆದ್ಮೇಲೆ ಇನ್ನೊಂದು ಎಂಬತ್ತೆರಡು ಇತ್ತು ಕಣ್ಣಾ. ಅದನ್ನೂ ಓದಿದ್ರೆ ಒಂಬತ್ತು ಬಂದ್ಬಿಡ್ತಿತ್ತು. ಅದಕ್ಕೇ ಅವನನ್ನ ಸಾಕು ಅಂದಿದ್ದು."